ರಸ್ತೆ ಫೈಲಲ್ಲಿ ಆರೋಗ್ಯದ ಪುಟ ಎಲ್ಲಿದೆ? ಎಚ್‌ಐಎ ಅಂದ್ರೇನು, ಅದನ್ನ ಹೇಗೆ ಮಾಡ್ತಾರೆ

ಒಂದು ಡ್ಯಾಮಿನ ಕತೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಡೆಫಿನಿಷನ್ನಿಂದ ಶುರು ಮಾಡಿದ್ರೆ ಅರ್ಧ ಜನ ಇಲ್ಲೇ ಎದ್ದು ಹೋಗ್ತೀರ.

ಆಫ್ರಿಕಾದಲ್ಲಿ ಸೆನೆಗಲ್ ನದಿ ಸಮುದ್ರ ಸೇರೋ ಜಾಗದ ಹತ್ರ 1986ರಲ್ಲಿ ಡಿಯಾಮಾ ಅನ್ನೋ ಡ್ಯಾಮ್ ಕಟ್ಟಿ ಮುಗಿಸಿದ್ರು. ಉದ್ದೇಶ ಒಳ್ಳೇದೇ. ಮಳೆ ಇಲ್ಲದ ತಿಂಗಳುಗಳಲ್ಲಿ ಸಮುದ್ರದ ಉಪ್ಪುನೀರು ನದಿಯೊಳಗೆ ತುಂಬಾ ದೂರ ನುಗ್ಗಿ ಬರ್ತಿತ್ತು, ಅದನ್ನ ತಡೆದ್ರೆ ಸಿಹಿನೀರಲ್ಲಿ ವರ್ಷಪೂರ್ತಿ ಭತ್ತ, ಕಬ್ಬು ಬೆಳೀಬಹುದು ಅಂತ. ಉಪ್ಪುನೀರು ನಿಂತಿತು, ಬೆಳೆನೂ ಬಂತು. ಆದ್ರೆ ಎರಡೇ ವರ್ಷಕ್ಕೆ, 1988ರಲ್ಲಿ, ನದಿಯ ಮೇಲ್ಭಾಗದ ರಿಷಾರ್ ಟೋಲ್ ಅನ್ನೋ ಪಟ್ಟಣದಲ್ಲಿ ಕರುಳಿನ ಶಿಸ್ಟೊಸೋಮಿಯಾಸಿಸ್ ಕಾಣಿಸ್ಕೊಳ್ತು, ನೋಡ್ತಾ ನೋಡ್ತಾ ಊರಿನ ಬಹುಪಾಲು ಜನಕ್ಕೆ ಹರಡ್ತು.

ಇದು ಹೇಗಾಯ್ತು ಅಂದ್ರೆ, ಈ ಕಾಯಿಲೆ ತರೋ ಹುಳ ಮನುಷ್ಯನ ಮೈ ಸೇರೋಕ್ಕೆ ಮುಂಚೆ ಸಿಹಿನೀರಿನ ಒಂದು ಜಾತಿ ಬಸವನಹುಳದೊಳಗೆ ಬೆಳೀಬೇಕು. ಮೊದ್ಲು ಉಪ್ಪು ಇದ್ದಾಗ ಬಸವನಹುಳಕ್ಕೆ ಅಲ್ಲಿ ಬದುಕೋದೇ ಕಷ್ಟ ಆಗಿತ್ತು, ಡ್ಯಾಮ್ ಬಂದ್ಮೇಲೆ ನೀರು ಸಿಹಿ ಆಯ್ತು, ಕಾಲುವೆ ತುಂಬಾ ಕಳೆ ಬೆಳೀತು, ಬಸವನಹುಳಕ್ಕೆ ಹಬ್ಬ. ಇನ್ನೊಂದು ವಿಷ್ಯ ನೋಡಿ, ಆ ಬಸವನಹುಳನ ತಿನ್ನೋ ದೊಡ್ಡ ಸೀಗಡಿ ನದಿಯಲ್ಲಿತ್ತು, ಆದ್ರೆ ಅದು ಮರಿ ಮಾಡೋಕ್ಕೆ ಅಳಿವೆಯ ಉಪ್ಪು ಮಿಶ್ರಿತ ನೀರಿಗೆ ಇಳೀಬೇಕು, ಮಧ್ಯೆ ಗೋಡೆ ಬಂದಿದ್ದಕ್ಕೆ ಅದ್ರ ದಾರಿನೇ ಮುಚ್ಚೋಯ್ತು. ಬಟ್ಟೆ ಒಗೆಯೋಕ್ಕೆ, ಸ್ನಾನಕ್ಕೆ ಅಂತ ಕಾಲುವೆಗೆ ಇಳಿದೋರ ಚರ್ಮದ ಮೂಲಕ ಹುಳ ಒಳಗೆ. ಆಮೇಲೆ ಎಷ್ಟೋ ವರ್ಷ ಬಿಟ್ಟು ಸಂಶೋಧಕರು ಒಂದು ಹಳ್ಳಿಯ ನೀರಿಗೆ ಸೀಗಡಿನ ವಾಪಸ್ ಬಿಟ್ಟು ನೋಡಿದ್ರು, ಸೋಂಕಿರೋ ಬಸವನಹುಳ ಕಮ್ಮಿ ಆಯ್ತು, ಜನರಲ್ಲಿ ಸೋಂಕಿನ ಹೊರೆನೂ ಇಳೀತು, 2015ರಲ್ಲಿ ಅದು ಪ್ರಕಟ ಆಗಿದೆ.

ಡ್ಯಾಮಿನ ತೀರ್ಮಾನ ನೀರಾವರಿಯವರ ಟೇಬಲ್ ಮೇಲೆ ಆಗತ್ತೆ, ಕಾಯಿಲೆ ಬಂದಾಗ ಸಾಲು ನಿಲ್ಲೋದು ಆಸ್ಪತ್ರೆ ಮುಂದೆ. ಈ ಎರಡು ಜಾಗದ ಮಧ್ಯೆ ಇರೋ ಖಾಲಿ ಜಾಗಕ್ಕೆ ಅಂತಾನೇ ಹುಟ್ಟಿದ್ದು ಹೆಲ್ತ್ ಇಂಪ್ಯಾಕ್ಟ್ ಅಸೆಸ್‌ಮೆಂಟ್, ಶಾರ್ಟಾಗಿ ಎಚ್‌ಐಎ. ಕನ್ನಡದಲ್ಲಿ ಆರೋಗ್ಯ ಪರಿಣಾಮದ ಅಂದಾಜು ಅನ್ನಬಹುದು. ‘ಮೌಲ್ಯಮಾಪನ’ ಅಂತಾನೂ ಬರೀತಾರೆ, ನಂಗೆ ಆ ಪದ ಇಷ್ಟ ಇಲ್ಲ, ಪರೀಕ್ಷೆ ಪೇಪರ್ ತಿದ್ದಿದಂಗೆ ಕೇಳ್ಸತ್ತೆ, ಆದ್ರೆ ಇಲ್ಲಿ ಪೇಪರ್ ಇನ್ನೂ ಬರೆದೇ ಇಲ್ಲ. ಒಂದು ಕಾನೂನು, ಯೋಜನೆ, ಪ್ರಾಜೆಕ್ಟು ಜಾರಿ ಆಗೋಕ್ಕೆ ಮುಂಚೆ, ಅಂದ್ರೆ ಇನ್ನೂ ಬದಲಾಯಿಸೋ ಅವಕಾಶ ಇರುವಾಗ್ಲೇ, ಇದ್ರಿಂದ ಯಾರ ಆರೋಗ್ಯಕ್ಕೆ ಏನಾಗತ್ತೆ, ಒಳ್ಳೇದೆಷ್ಟು ಕೆಟ್ಟದ್ದೆಷ್ಟು, ಅದು ಯಾರ್ಯಾರಿಗೆ ಹೇಗೆ ಹಂಚಿಕೆ ಆಗತ್ತೆ ಅಂತ ನೋಡಿ, ಹಿಂಗ್ ಮಾಡಿದ್ರೆ ಉತ್ತಮ ಅಂತ ಸಲಹೆ ಕೊಡೋದು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಹೊರಡಿಸಿದ ಗೋಥೆನ್‌ಬರ್ಗ್ ದಾಖಲೆ ಅಂತ ಒಂದಿದೆ, ಎಲ್ಲರೂ ಇವತ್ತಿಗೂ ಅದನ್ನೇ ಹಿಡ್ಕೊಂಡು ಮಾತಾಡ್ತಾರೆ, ಅದ್ರ ಸಾರ ಹೆಚ್ಚುಕಮ್ಮಿ ಇಷ್ಟೇ. ಅದ್ರಲ್ಲಿ ಜನ ನೆನಪಿಟ್ಕೊಳ್ಳದೆ ಇರೋ ಭಾಗ ‘ಹಂಚಿಕೆ’. ನನ್ನ ಪ್ರಕಾರ ಇಡೀ ವಿಷಯದ ತಿರುಳೇ ಅದು, ಅದಕ್ಕೆ ಆಮೇಲೆ ಬರ್ತೀನಿ.

ಆರೋಗ್ಯ ಅಂದ ತಕ್ಷಣ ನಮಗೆ ಡಾಕ್ಟ್ರು, ಮಾತ್ರೆ, ಆಸ್ಪತ್ರೆ ಬೆಡ್ ನೆನಪಾಗತ್ತೆ. 1991ರಲ್ಲಿ ಡಾಲ್‌ಗ್ರೆನ್ ಮತ್ತು ವೈಟ್‌ಹೆಡ್ ಅನ್ನೋ ಇಬ್ರು ಒಂದು ಚಿತ್ರ ಬರೆದ್ರು, ಕಾಮನಬಿಲ್ಲಿನ ಥರ. ಮಧ್ಯದಲ್ಲಿ ಮನುಷ್ಯ, ಅವನ ವಯಸ್ಸು, ಹುಟ್ಟುಗುಣ. ಅದ್ರ ಸುತ್ತ ಅವನ ಅಭ್ಯಾಸಗಳು, ಅದ್ರಾಚೆ ನೆಂಟ್ರು ಸ್ನೇಹಿತರು ನೆರೆಹೊರೆ, ಅದ್ರಾಚೆ ಮನೆ, ಕೆಲಸ, ನೀರು, ಶಿಕ್ಷಣ, ಎಲ್ಲಕ್ಕಿಂತ ಹೊರಗಡೆ ಸಮಾಜದ ಒಟ್ಟು ಆರ್ಥಿಕ ಪರಿಸ್ಥಿತಿ. ಆ ಚಿತ್ರದಲ್ಲಿ ಆಸ್ಪತ್ರೆ ಇದೆ, ಆದ್ರೆ ಮನೆ, ಕೆಲಸ, ನೀರು ಇರೋ ಪಟ್ಟೆಯಲ್ಲಿ ಹಲವುಗಳಲ್ಲಿ ಒಂದಾಗಿ ಸುಮ್ನೆ ಕೂತಿದೆ. ಉಳಿದಿದ್ದನ್ನೆಲ್ಲ ನಡೆಸೋರು ಸಾರಿಗೆ, ವಸತಿ, ಹಣಕಾಸು, ಕೃಷಿ, ಕಾರ್ಮಿಕ ಇಲಾಖೆಯವರು. ಅವರು ದಿನಾ ಸಹಿ ಹಾಕೋ ಫೈಲುಗಳು ನಮ್ಮ ರಕ್ತದೊತ್ತಡ ತೀರ್ಮಾನ ಮಾಡ್ತಿರ್ತವೆ, ಅವರಿಗೇ ಗೊತ್ತಿರಲ್ಲ.

ಸರಿ, ಮಾಡೋದು ಹೇಗೆ? ಪುಸ್ತಕದಲ್ಲಿ ಸ್ಕ್ರೀನಿಂಗ್, ಸ್ಕೋಪಿಂಗ್, ಅಸೆಸ್‌ಮೆಂಟ್, ಸಲಹೆ, ರಿಪೋರ್ಟು, ಮಾನಿಟರಿಂಗ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರೆದಿರ್ತಾರೆ. ಅದನ್ನ ಬಾಯಿಪಾಠ ಮಾಡೋ ಬದಲು ಒಂದು ರಸ್ತೆ ಕಲ್ಪಿಸ್ಕೊಳ್ಳೋಣ. ಎರಡು ಲೇನಿನ ರಸ್ತೆ, ಒಂದು ಕಡೆ ಸ್ಕೂಲು, ಇನ್ನೊಂದು ಕಡೆ ಒತ್ತೊತ್ತಾಗಿ ಬಾಡಿಗೆ ಮನೆಗಳು. ಟ್ರಾಫಿಕ್ ಜಾಮ್ ತಡೆಯೋಕಾಗ್ತಿಲ್ಲ ಅಂತ ಆರು ಲೇನ್ ಮಾಡೋ ಪ್ರಸ್ತಾಪ ಬಂದಿದೆ.

ಮೊದಲ ಪ್ರಶ್ನೆ (ಸ್ಕ್ರೀನಿಂಗ್ ಅನ್ನೋದು ಇದನ್ನೇ), ಇದಕ್ಕೆ ಎಚ್‌ಐಎ ಬೇಕಾ. ಎಲ್ಲದಕ್ಕೂ ಮಾಡ್ತಾ ಕೂತ್ರೆ ಕೆಲಸ ಸಾಗಲ್ಲ, ಗುಂಡಿ ಮುಚ್ಚೋಕೆಲ್ಲ ಇದು ಬೇಡ. ಪರಿಣಾಮ ದೊಡ್ಡದಿರತ್ತಾ, ಮೊದಲೇ ತೊಂದರೆಯಲ್ಲಿರೋರಿಗೆ ಇನ್ನಷ್ಟು ತಟ್ಟತ್ತಾ, ತೀರ್ಮಾನ ಬದಲಾಗೋ ಚಾನ್ಸ್ ಇನ್ನೂ ಇದ್ಯಾ, ಮಾಡೋಕ್ಕೆ ಟೈಮು ದುಡ್ಡು ಇದ್ಯಾ, ಇಷ್ಟು ನೋಡ್ತಾರೆ. ಮೂರನೇದಕ್ಕೆ ‘ಇಲ್ಲ’ ಅಂತ ಉತ್ತರ ಬಂದ್ರೆ ಅಲ್ಲಿಗೆ ನಿಲ್ಸೋದೇ ಮರ್ಯಾದೆ. ಟೆಂಡರ್ ಕರೆದು, ಗುದ್ದಲಿ ಪೂಜೆ ಮುಗಿಸಿ ಆಮೇಲೆ ಆರೋಗ್ಯದ ರಿಪೋರ್ಟ್ ಬರೆಸೋದು ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದಂಗೆ.

ಆಮೇಲೆ ಎಲ್ಲಿವರೆಗೂ ನೋಡೋದು ಅಂತ ಗಡಿ ಹಾಕ್ಕೋಬೇಕು, ಸ್ಕೋಪಿಂಗ್ ಅಂದ್ರೆ ಇದೇ. ಇಲ್ಲಿ ಒಂದು ಬಿಳಿ ಬೋರ್ಡ್ ಮೇಲೆ ರಸ್ತೆ ಅಂತ ಬರೆದು ಅಲ್ಲಿಂದ ಬಾಣ ಎಳೀತಾ ಹೋಗ್ತಾರೆ. ಲೇನ್ ಜಾಸ್ತಿ ಆದ್ರೆ ಗಾಡಿ ಜಾಸ್ತಿ, ಗಾಡಿ ಜಾಸ್ತಿ ಆದ್ರೆ ಹೊಗೆ, ಹೊಗೆಯಿಂದ ಶ್ವಾಸಕೋಶ ಮತ್ತು ಹೃದಯ. ಇದು ಎಲ್ಲರಿಗೂ ಹೊಳೆಯೋ ಬಾಣ. ಇನ್ನೊಂದು ಬಾಣ ಶಬ್ದ, ಅದ್ರಿಂದ ರಾತ್ರಿ ನಿದ್ದೆ, ನಿದ್ದೆಗೆಟ್ರೆ ಬಿಪಿ. ರಸ್ತೆ ಶಬ್ದ ರಾತ್ರಿ ಹೊತ್ತು 45 ಡೆಸಿಬಲ್ ಒಳಗಿರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ, ಅಂದ್ರೆ ಇದು ಬರೀ ಕಿರಿಕಿರಿ ವಿಷ್ಯ ಅಲ್ಲ. ಮತ್ತೊಂದು ಬಾಣ ಸ್ಪೀಡು. ಸರಾಸರಿ ವೇಗ ಶೇ. 1 ಏರಿದ್ರೆ ಜೀವ ತೆಗೆಯೋ ಆಕ್ಸಿಡೆಂಟಿನ ಅಪಾಯ ಸುಮಾರು ಶೇ. 4 ಏರತ್ತೆ ಅಂತ ಅದೇ ಸಂಸ್ಥೆ ಹೇಳತ್ತೆ, ಅಗಲ ರಸ್ತೆ ಮಾಡೋದೇ ಸ್ಪೀಡಿಗೆ ಅಲ್ವಾ.

ಇನ್ನೊಂದು ಬಾಣ ಯಾರಿಗೂ ಬೇಗ ಹೊಳೆಯಲ್ಲ. ಆರು ಲೇನ್ ಅಂದ್ರೆ ದಾಟೋಕ್ಕಾಗದ ನದಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಅನ್ನೋರು ಸುಮಾರು 50 ವರ್ಷದ ಹಿಂದೆ ಒಂದೇ ಥರದ ಮೂರು ಬೀದಿಗಳನ್ನ ಹೋಲಿಸಿದ್ರು, ವ್ಯತ್ಯಾಸ ಟ್ರಾಫಿಕ್ಕಲ್ಲಿ ಮಾತ್ರ. ದಿನಕ್ಕೆ ಸುಮಾರು 2,000 ಗಾಡಿ ಓಡೋ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ 3 ಜನ ಸ್ನೇಹಿತರು, 16,000 ಗಾಡಿ ಓಡೋ ಬೀದಿಯಲ್ಲಿ 0.9, ಅಂದ್ರೆ ಒಬ್ಬರೂ ಪೂರ್ತಿ ಇಲ್ಲ. ಮೂರೇ ಬೀದಿ ನೋಡಿದ ಸಣ್ಣ ಅಧ್ಯಯನ ಅದು, ಅದನ್ನೇ ವೇದ ಅನ್ಕೋಬೇಡಿ, ಆದ್ರೆ ವಯಸ್ಸಾದ ಒಬ್ರು ರಸ್ತೆ ದಾಟೋಕ್ಕೆ ಹೆದರಿ ಎದುರುಮನೆಗೆ ಹೋಗೋದನ್ನ ನಿಲ್ಲಿಸಿದ್ರೆ ಅವರ ನಡಿಗೆನೂ ಹೋಯ್ತು, ಮಾತೂ ಹೋಯ್ತು, ಇದನ್ನ ಯಾವ ಹೊಗೆ ಮೀಟರೂ ಅಳೆಯಲ್ಲ. ಹಾಗೇ ಒಳ್ಳೇ ಬಾಣಗಳನ್ನೂ ಎಳೀಬೇಕು. ಆಂಬುಲೆನ್ಸ್ ಬೇಗ ಬರಬಹುದು, ದೂರದ ಕೆಲಸಕ್ಕೆ ಹೋಗೋಕ್ಕೆ ಆಗಬಹುದು, ಕೆಲಸ ಸಿಕ್ರೆ ಆರೋಗ್ಯಕ್ಕೂ ಒಳ್ಳೇದು. ಎಚ್‌ಐಎ ಅಂದ್ರೆ ಬರೀ ಅಡ್ಡಗಾಲು ಹಾಕೋದು ಅನ್ಕೊಂಡಿದ್ರೆ ತಪ್ಪು.

ಈಗ ಲೆಕ್ಕ. ಹೇಗೆ ಹಾಕ್ತಾರೆ ಅಂತ ಗೊತ್ತಾಗ್ಲಿ ಅಂತ ಒಂದು ಸುಲಭದ್ದು ತೋರಿಸ್ತೀನಿ, ರಸ್ತೆ ಥರಾನೇ ಇದ್ರಲ್ಲಿರೋ ಊರಿನ ಅಂಕಿಗಳೂ ಕಲ್ಪನೆನೇ. ಆ ರಸ್ತೆ ಹೊಗೆ ತಟ್ಟೋ ಜಾಗದಲ್ಲಿ 1 ಲಕ್ಷ ಜನ ಇದ್ದಾರೆ ಅನ್ಕೊಳ್ಳಿ, ವರ್ಷಕ್ಕೆ 700 ಜನ ಎಲ್ಲಾ ಕಾರಣ ಸೇರಿ ಸಾಯ್ತಾರೆ. ಗಾಳಿಲಿರೋ ಸೂಕ್ಷ್ಮ ಕಣ, ಪಿಎಂ 2.5 ಅಂತಾರಲ್ಲ, ಅದು ರಸ್ತೆ ಬಂದ್ಮೇಲೆ ಘನ ಮೀಟರಿಗೆ 2 ಮೈಕ್ರೋಗ್ರಾಂ ಏರತ್ತೆ ಅಂತ ಗಾಳಿ ಮಾಡೆಲ್ ಹೇಳ್ತು. ಎಷ್ಟೋ ದೇಶಗಳ ಅಧ್ಯಯನ ಒಟ್ಟು ಸೇರಿಸಿ ನೋಡಿದಾಗ, ಈ ಕಣ 10 ಮೈಕ್ರೋಗ್ರಾಂ ಏರಿದ್ರೆ ಸಾವಿನ ಅಪಾಯ ಸುಮಾರು ಶೇ. 8 ಏರತ್ತೆ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಹಿಂದೆ ಇದ್ದ ಪರಿಶೀಲನೆ ಕೊಟ್ಟ ಅಂಕಿ ಅದು. ಹಾಗಾದ್ರೆ 2 ಮೈಕ್ರೋಗ್ರಾಮಿಗೆ ಶೇ. 1.6. 700ರಲ್ಲಿ ಶೇ. 1.6 ಅಂದ್ರೆ 11. ವರ್ಷಕ್ಕೆ ಹತ್ತಿರ ಹತ್ತಿರ 11 ಜನ. ಲೆಕ್ಕ ಇಷ್ಟೇ, ಹಳೇ ಸ್ಥಿತಿ ಎಷ್ಟು, ಬದಲಾವಣೆ ಎಷ್ಟು, ಬದಲಾವಣೆಗೂ ಕಾಯಿಲೆಗೂ ಇರೋ ನಂಟು ಎಷ್ಟು, ಮೂರನ್ನ ಗುಣಿಸೋದು.

ಆದ್ರೆ ಈ 11 ಅನ್ನೋ ಸಂಖ್ಯೆ ಹತ್ರ ಹುಷಾರಾಗಿರ್ಬೇಕು. ಗಾಡಿ ಎಷ್ಟು ಹೆಚ್ಚಾಗತ್ತೆ ಅನ್ನೋದೇ ಊಹೆ, ಅದ್ರ ಮೇಲೆ ಗಾಳಿ ಮಾಡೆಲ್ ಇನ್ನೊಂದು ಊಹೆ, ಅದ್ರ ಮೇಲೆ ಬೇರೆ ದೇಶದ ಜನರ ಮೇಲೆ ಕಂಡ ನಂಟನ್ನ ಇಲ್ಲಿಗೆ ತಂದಿದ್ದು. ಒಳ್ಳೇ ರಿಪೋರ್ಟಲ್ಲಿ 11 ಅಂತ ಬರೆಯಲ್ಲ, ಇಷ್ಟರಿಂದ ಇಷ್ಟು ಅಂತ ವ್ಯಾಪ್ತಿ ಕೊಡ್ತಾರೆ, ಊಹೆಗಳನ್ನ ಬಿಚ್ಚಿ ತೋರಿಸ್ತಾರೆ. ದಶಮಾಂಶ ಸಮೇತ 11.37 ಅಂತ ಬರೆದಿದ್ರೆ ಅಲ್ಲೇ ಅನುಮಾನ ಪಡಿ. ಮತ್ತೆ ಲೆಕ್ಕಕ್ಕೆ ಸಿಗೋದು ಮಾತ್ರ ಮುಖ್ಯ ಅನ್ನೋ ಭ್ರಮೆನೂ ಇದೆ, ಹೊಗೆಗೆ ಸೂತ್ರ ಇದೆ ಅಂತ ಹೊಗೆ ಬಗ್ಗೆ 80 ಪೇಜು, ಎದುರುಮನೆಗೆ ಹೋಗೋದು ನಿಂತೋಗಿದ್ದಕ್ಕೆ ಸೂತ್ರ ಇಲ್ಲ ಅಂತ ಎರಡು ಸಾಲು.

ಇನ್ನು ಹಂಚಿಕೆ. 1 ಲಕ್ಷ ಜನಕ್ಕೆ ಸರಾಸರಿ ತೆಗೆದ್ರೆ ರಸ್ತೆಯಿಂದ ಒಟ್ಟಾರೆ ಲಾಭ ಅಂತಾನೇ ಬರಬಹುದು, ಕಾರಲ್ಲಿ ಓಡಾಡೋರಿಗೆ ದಿನಕ್ಕೆ 15 ನಿಮಿಷ ಉಳಿಯತ್ತೆ, ಅವರು ಸಂಖ್ಯೆಲೂ ಜಾಸ್ತಿ. ಆದ್ರೆ ಆ 15 ನಿಮಿಷ ಉಳಿಸ್ಕೊಳ್ಳೋರು ರಸ್ತೆ ಪಕ್ಕ ಇರಲ್ಲ. ರಸ್ತೆ ಪಕ್ಕ ಬಾಡಿಗೆ ಕಮ್ಮಿ, ಅದಕ್ಕೇ ಅಲ್ಲಿರೋರಿಗೆ ಕಾರಿರಲ್ಲ, ಮಗುಗೆ ಆಸ್ತಮಾ ಇದ್ರೂ ಮನೆ ಬದಲಾಯಿಸೋ ಶಕ್ತಿ ಇರಲ್ಲ. ಲಾಭ ಒಬ್ಬರ ಜೇಬಿಗೆ, ಕೆಮ್ಮು ಇನ್ನೊಬ್ಬರ ಎದೆಗೆ, ಸರಾಸರಿಯಲ್ಲಿ ಎರಡೂ ಒಂದಕ್ಕೊಂದು ಕಳೆದು ‘ಗಣನೀಯ ಪರಿಣಾಮ ಇಲ್ಲ’ ಅನ್ನೋ ಒಂದು ಸಾಲಾಗಿ ಬಿಡತ್ತೆ. ಈ ಸಾಲು ನೋಡಿದಾಗೆಲ್ಲ ನಂಗೆ ಮೈ ಉರಿಯತ್ತೆ. ಮಕ್ಕಳು, ವಯಸ್ಸಾದೋರು, ಮೊದಲೇ ಕಾಯಿಲೆ ಇರೋರು, ಬಡವರು ಅಂತ ಬಿಡಿಸಿ ಬಿಡಿಸಿ ನೋಡದ ಎಚ್‌ಐಎ ಎಚ್‌ಐಎನೇ ಅಲ್ಲ, ಹಂಗಂತ ನಾನಲ್ಲ ಹೇಳ್ತಿರೋದು, ಆ 1999ರ ದಾಖಲೆಯಲ್ಲೇ ಸಮಾನತೆ ಒಂದು ಮೂಲ ಮೌಲ್ಯ.

ಬಿಡಿಸಿ ನೋಡಬೇಕಂದ್ರೆ ಆ ಮನೆಯವರನ್ನೇ ಕೇಳ್ಬೇಕು. ಸ್ಕೂಲ್ ಗೇಟ್ ಮುಂದೆ ಬೆಳಗ್ಗೆ ಎಂಟಕ್ಕೆ ನಿಂತ್ರೆ ಮಕ್ಕಳು ಎಲ್ಲಿ ದಾಟ್ತಾರೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗತ್ತೆ, ನಕ್ಷೆಯಲ್ಲಿ ಜೀಬ್ರಾ ಕ್ರಾಸಿಂಗ್ ಇರೋ ಕಡೆ ಅಲ್ಲ, ಡಿವೈಡರ್ ಒಡೆದಿರೋ ಕಡೆ. ಇಂಥ ಮಾಹಿತಿ ಯಾವ ಡೇಟಾಬೇಸಲ್ಲೂ ಇರಲ್ಲ. ಸಭೆ ಕರೆದ್ರೂ ಎಲ್ಲರೂ ಕೆಲಸಕ್ಕೆ ಹೋಗಿರೋ ಹೊತ್ತಲ್ಲಿ ಕರೆದು, ಯಾರಿಗೂ ಅರ್ಥ ಆಗದ ಭಾಷೆಲಿ ಸ್ಲೈಡ್ ತೋರಿಸಿ, ಸಹಿ ತಗೊಂಡು ಕಳ್ಸಿದ್ರೆ ಅದು ಮೂಗಿಗೆ ತುಪ್ಪ ಸವರೋದಷ್ಟೇ.

ಕೊನೆಗೆ ಸಲಹೆಗಳು. ‘ಆರೋಗ್ಯದ ಕಡೆ ಗಮನ ಹರಿಸಬೇಕು’ ಅನ್ನೋದು ಸಲಹೆ ಅಲ್ಲ. ಸ್ಕೂಲ್ ಗೇಟನ್ನ ಹಿಂದಿನ ಬೀದಿಗೆ ಸರಿಸಿ, ಎರಡು ಲೇನ್ ಬಸ್ಸಿಗೆ ಬಿಡಿ, ಸ್ಕೂಲ್ ಹತ್ರ ವೇಗ 30ಕ್ಕೆ ಇಳಿಸಿ, ಮೇಲ್ಸೇತುವೆ ಬದಲು ನೆಲದಲ್ಲೇ ಸಿಗ್ನಲ್ ಇಟ್ಟು ದಾಟಿಸಿ, ಇವು ಸಲಹೆ. (ಪಾದಚಾರಿ ಮೇಲ್ಸೇತುವೆ ಬಗ್ಗೆ ಒಂದ್ಮಾತು, ಅದು ಇರೋದು ಗಾಡಿ ನಿಲ್ಲದೆ ಹೋಗ್ಲಿ ಅಂತ, ಮಂಡಿ ನೋವಿರೋರು 40 ಮೆಟ್ಟಿಲು ಹತ್ತಿ ಇಳೀತಾರೆ ಅಂತ ನಂಬಿ ಕಟ್ಟಿರೋದನ್ನ ಜನರ ಸುರಕ್ಷತೆಗೆ ಅಂತ ಹೇಳ್ಬಾರ್ದು.)

ರಸ್ತೆ, ಡ್ಯಾಮ್ ಮಾತ್ರ ಅಲ್ಲ, ಇಟ್ಟಿಗೆ ಸಿಮೆಂಟ್ ಇಲ್ಲದ ನೀತಿಗಳಿಗೂ ಇದು ಮಾಡ್ತಾರೆ, ನಿಜ ಹೇಳ್ಬೇಕಂದ್ರೆ ಅಲ್ಲೇ ಇದ್ರ ಮಜಾ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಗರದ ಕೆಲಸ ಮಾಡೋ ಕಾಂಟ್ರಾಕ್ಟ್ ನೌಕರರಿಗೆಲ್ಲ ಗಂಟೆಗೆ ಕನಿಷ್ಠ 11 ಡಾಲರ್ ಕೂಲಿ ಕೊಡ್ಬೇಕು ಅನ್ನೋ ಪ್ರಸ್ತಾಪ ಬಂದಾಗ, ನಗರದ ಆರೋಗ್ಯ ಇಲಾಖೆಯ ಇಬ್ರು ಡಾಕ್ಟ್ರು, ಭಾಟಿಯಾ ಮತ್ತು ಕಾಟ್ಸ್, ಕೂಲಿ ಏರಿದ್ರೆ ಆರೋಗ್ಯಕ್ಕೆ ಏನಾಗತ್ತೆ ಅಂತ ಲೆಕ್ಕ ಹಾಕಿದ್ರು. ವರ್ಷಕ್ಕೆ 20,000 ಡಾಲರ್ ಆಸುಪಾಸು ಆದಾಯದ ಮನೆಗಳಲ್ಲಿ 24ರಿಂದ 44 ವಯಸ್ಸಿನೋರ ಅಕಾಲ ಸಾವಿನ ಅಪಾಯ ಸುಮಾರು ಶೇ. 5 ಇಳಿಯತ್ತೆ, ಅವರ ಮಕ್ಕಳು ಹೈಸ್ಕೂಲ್ ಮುಗಿಸೋ ಸಾಧ್ಯತೆನೂ ಏರತ್ತೆ ಅಂತ ಬಂತು. ಕೂಲಿ ಬಗ್ಗೆ ಮಾತಾಡೋಕ್ಕೆ ಡಾಕ್ಟ್ರು ಯಾಕೆ ಬಂದ್ರು ಅಂತ ಕೇಳೋರಿಗೆ ಉತ್ತರ ಆ ಸಂಖ್ಯೆಯಲ್ಲೇ ಇದೆ. ಸ್ಲೊವೇನಿಯಾ ಐರೋಪ್ಯ ಒಕ್ಕೂಟ ಸೇರೋ ಮುಂಚೆ ಒಕ್ಕೂಟದ ಕೃಷಿ ನೀತಿಗೆ, ವೇಲ್ಸಿನವರು 2019ರಲ್ಲಿ ಬ್ರೆಕ್ಸಿಟ್‌ಗೇ ಎಚ್‌ಐಎ ಮಾಡಿದ್ರು.

ಅಲಾಸ್ಕಾದ್ದು ಇನ್ನೊಂದು. ಅಲ್ಲಿ ಉತ್ತರ ತುದಿಯಲ್ಲಿ ತೈಲ ತೆಗೆಯೋಕ್ಕೆ ಭೂಮಿ ಗುತ್ತಿಗೆಗೆ ಕೊಡೋ ಯೋಜನೆ ಇತ್ತು, ಇನುಪಿಯಾಟ್ ಅನ್ನೋ ಮೂಲನಿವಾಸಿಗಳು ಅಲ್ಲಿ ಕ್ಯಾರಿಬೂ ಜಿಂಕೆ ಬೇಟೆ ನಂಬ್ಕೊಂಡಿದ್ರು. ಬರೀ ಎಣ್ಣೆ ಸೋರಿಕೆ, ಹೊಗೆ ನೋಡಿದ್ರೆ ಆರೋಗ್ಯಕ್ಕೆ ಅಂಥ ಅಪಾಯ ಕಾಣಲ್ಲ. ಆದ್ರೆ 2007ರ ಸುಮಾರಿಗೆ ಮಾಡಿದ ಎಚ್‌ಐಎಲಿ ಬಾಣ ಎಳೆದು ನೋಡಿದ್ರು, ಎಣ್ಣೆ ಕೊಳವೆ, ರಸ್ತೆ ಬಂದ್ರೆ ಜಿಂಕೆ ದಾರಿ ಬದಲಾಯಿಸತ್ತೆ, ಬೇಟೆ ಕಮ್ಮಿ ಆದ್ರೆ ಜನ ಅಂಗಡಿಯ ಪ್ಯಾಕೆಟ್ ಊಟಕ್ಕೆ ಬೀಳ್ತಾರೆ, ಅಲ್ಲಿಂದ ಡಯಾಬಿಟಿಸ್. ಜಿಂಕೆ ಹೆಜ್ಜೆಯಿಂದ ರಕ್ತದ ಸಕ್ಕರೆವರೆಗೂ ಹೋಗೋ ಈ ದಾರಿಯನ್ನ ಮೊದಲು ಹೇಳಿದ್ದು ಅಲ್ಲಿನ ಜನರೇ, ತಮ್ಮ ಆತಂಕವಾಗಿ.

‘ಪರಿಸರ ಪರಿಣಾಮದ ವರದಿ ಅಂತ ಮೊದಲೇ ಒಂದಿದ್ಯಲ್ಲ, ಮತ್ತೆ ಇದ್ಯಾಕೆ’ ಅಂತ ತುಂಬಾ ಜನ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ 1970ರ ಜನವರಿ 1ಕ್ಕೆ ಸಹಿ ಬಿದ್ದ ಪರಿಸರ ನೀತಿ ಕಾಯ್ದೆಯಿಂದ ಇಐಎ, ಅಂದ್ರೆ ಪರಿಸರ ಪರಿಣಾಮದ ಅಂದಾಜು, ಶುರು ಆಗಿ ಲೋಕದ ತುಂಬಾ ಹರಡ್ತು, ಅದ್ರಲ್ಲಿ ಆರೋಗ್ಯಾನೂ ಸೇರಿದೆ ಅಂತ ಕಾಗದದ ಮೇಲಿರತ್ತೆ. ಆದ್ರೆ ನಡೆಯೋದು ಏನಂದ್ರೆ, ಗಾಳಿ ನೀರು ಅಳೆದು, ‘ನಿಗದಿತ ಮಿತಿಯೊಳಗಿದೆ’ ಅಂತ ಬರೆದು ಮುಂದಿನ ಅಧ್ಯಾಯಕ್ಕೆ ಹೋಗ್ತಾರೆ. ಮಿತಿಯೊಳಗೆ ಅಂದ್ರೆ ಕ್ಷೇಮ ಅಂತಲ್ಲ. ಅದೇ ಪಿಎಂ 2.5ಗೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ವರ್ಷದ ಸರಾಸರಿ 10 ಮೈಕ್ರೋಗ್ರಾಂ ಅಂತ ಇಟ್ಟಿದ್ದನ್ನ 2021ರಲ್ಲಿ 5ಕ್ಕೆ ಇಳಿಸ್ತು. ಶ್ವಾಸಕೋಶ ಬದಲಾಗಿಲ್ಲ, ನಮ್ಮ ತಿಳುವಳಿಕೆ ಬದಲಾಗಿದೆ. ಜೊತೆಗೆ ಜಿಂಕೆ ಕತೆ, ಎದುರುಮನೆ ಕತೆ ಇಂಥವೆಲ್ಲ ಮಿತಿ ಪಟ್ಟಿಯಲ್ಲಿ ಇರೋದೇ ಇಲ್ಲ. ಹಂಗಂತ ಎರಡು ಬೇರೆ ಬೇರೆ ರಿಪೋರ್ಟೇ ಆಗ್ಬೇಕು ಅಂತಿಲ್ಲ, ಅಲಾಸ್ಕಾದಲ್ಲಿ ಇಐಎ ಒಳಗೇ ಸೇರಿಸಿದ್ರು.

ಕಾನೂನಿನ ಬಲ ಬೇಕಾ ಅನ್ನೋದ್ರ ಬಗ್ಗೆ ಜಗಳ ಮುಗಿದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1993ರಲ್ಲಿ ಕ್ಯಾಬಿನೆಟ್‌ಗೆ ಬರೋ ಪ್ರಸ್ತಾಪಗಳಿಗೆ ಎಚ್‌ಐಎ ಸೇರಿಸಿದ್ರು, ಆ ದಶಕ ಮುಗಿಯೋ ಹೊತ್ತಿಗೆ ಆಸಕ್ತಿ ಇದ್ದೋರು ಹೋದ್ರು, ಅದೂ ಹೋಯ್ತು. ಅದೇ ದೇಶದ ಕ್ವಿಬೆಕ್‌ನಲ್ಲಿ 2001ರ ಸಾರ್ವಜನಿಕ ಆರೋಗ್ಯ ಕಾಯ್ದೆಯ 54ನೇ ಸೆಕ್ಷನ್ನಲ್ಲೇ ಬರೆದಿಟ್ರು, ಜನರ ಆರೋಗ್ಯಕ್ಕೆ ದೊಡ್ಡ ಪರಿಣಾಮ ಬೀರೋ ಕಾನೂನು, ನಿಯಮ ತರೋ ಮುಂಚೆ ಆರೋಗ್ಯ ಸಚಿವರನ್ನ ಕೇಳ್ಲೇಬೇಕು ಅಂತ, ಅದು ಇವತ್ತಿಗೂ ನಡೀತಿದೆ. ಥಾಯ್ಲೆಂಡ್‌ನಲ್ಲಿ ಇನ್ನೂ ಜೋರು. 2007ರ ಸಂವಿಧಾನದಲ್ಲೇ, ಸಮುದಾಯಕ್ಕೆ ಗಂಭೀರ ಪರಿಣಾಮ ಆಗೋ ಪ್ರಾಜೆಕ್ಟಿಗೆ ಆರೋಗ್ಯದ ಅಂದಾಜೂ ಆಗ್ಬೇಕು ಅಂತ ಬಂತು, ಅದೇ ವರ್ಷದ ಆರೋಗ್ಯ ಕಾಯ್ದೆ ಪ್ರಕಾರ ಜನರೇ ಎಚ್‌ಐಎ ಕೇಳಬಹುದು. ಆದ್ರೆ ಮಾಪ್ ತಾ ಫುಟ್ ಅನ್ನೋ ಕೈಗಾರಿಕಾ ಪ್ರದೇಶದಲ್ಲಿ ಅದನ್ನ ಮಾಡದೆ ಅನುಮತಿ ಕೊಡ್ತಾ ಹೋದ್ರು. ಊರವರು ಕೋರ್ಟಿಗೆ ಹೋದ್ರು. 2009ರ ಸೆಪ್ಟೆಂಬರಲ್ಲಿ 76 ಪ್ರಾಜೆಕ್ಟಿಗೆ ತಡೆ ಬಿತ್ತು, ಡಿಸೆಂಬರಲ್ಲಿ ಮೇಲಿನ ಕೋರ್ಟು 11ನ್ನ ಬಿಟ್ಟು 65ಕ್ಕೆ ತಡೆ ಮುಂದುವರಿಸ್ತು. ಮುಂದಿನ ವರ್ಷ ಬಹುತೇಕ ಪ್ರಾಜೆಕ್ಟುಗಳು ಮತ್ತೆ ಶುರು ಆದ್ವು ಅನ್ನೋದು ಬೇರೆ ಮಾತು, ಆದ್ರೆ ಆ ಕೆಲವು ತಿಂಗಳು ಬಂಡವಾಳದವರಿಗೆ ಎಚ್‌ಐಎ ಅನ್ನೋ ಪದದ ಸ್ಪೆಲಿಂಗ್ ಚೆನ್ನಾಗಿ ಬಾಯಿಗೆ ಬಂತು.

ಕಾನೂನು ಬಂದ್ರೂ ಒಂದು ರೋಗ ಹೋಗಲ್ಲ, ರಿಪೋರ್ಟ್ ಬರೆಯೋ ಕನ್ಸಲ್ಟೆಂಟಿಗೆ ದುಡ್ಡು ಕೊಡೋರು ತುಂಬಾ ಕಡೆ ಪ್ರಾಜೆಕ್ಟ್ ಮಾಡೋರೇ. ಅನ್ನ ಹಾಕಿದೋರ ವಿರುದ್ಧ ಎಷ್ಟು ಜೋರಾಗಿ ಬರೆಯೋಕ್ಕಾಗತ್ತೆ? ಆರೋಗ್ಯದ ಅಧ್ಯಾಯ ಇನ್ಯಾವುದೋ ಪ್ರಾಜೆಕ್ಟಿಂದ ಕಾಪಿ ಮಾಡಿ, ಊರಿನ ಹೆಸರು ಬದಲಾಯಿಸೋದೂ ಮರೆತಿರೋ ಒಂದು ರಿಪೋರ್ಟನ್ನ ನಾನೇ ಓದಿದೀನಿ, ಇಲ್ಲದ ನದಿಯ ಸೊಳ್ಳೆ ಬಗ್ಗೆ ಒಂದು ಪ್ಯಾರಾ ಇತ್ತು ಅದ್ರಲ್ಲಿ.

ಹಾಗಾಗಿ ನಿಮ್ಮ ಕೈಗೆ ಇಂಥದ್ದೊಂದು ಸಿಕ್ರೆ ಮೊದಲ ಪೇಜಿಂದ ಓದ್ಬೇಡಿ. ಮೊದ್ಲು ತಾರೀಕು ನೋಡಿ, ತೀರ್ಮಾನ ಆಗೋಕ್ಕೆ ಮುಂಚಿನದಾ ಆಮೇಲಿನದಾ. ಆಮೇಲೆ ‘ಏನೂ ಮಾಡದೆ ಹಾಗೇ ಬಿಟ್ರೆ’ ಮತ್ತು ‘ಬೇರೆ ಥರ ಮಾಡಿದ್ರೆ’ ಅನ್ನೋ ಆಯ್ಕೆಗಳ ಜೊತೆ ಹೋಲಿಸಿದ್ದಾರಾ, ಒಂದೇ ಆಯ್ಕೆ ಇಟ್ಕೊಂಡು ಅಂದಾಜು ಮಾಡಿದ್ರೆ ಅದು ಅಂದಾಜಲ್ಲ ಜಾಹೀರಾತು. ಸರಾಸರಿ ಟೇಬಲ್ ಬಿಟ್ಟು, ಜನರನ್ನ ಗುಂಪು ಗುಂಪಾಗಿ ಬಿಡಿಸಿದ ಟೇಬಲ್ ಹುಡುಕಿ. ಕೊನೆಗೆ ಮಾನಿಟರಿಂಗ್ ಪೇಜಿಗೆ ಹೋಗಿ, ಸಾಮಾನ್ಯವಾಗಿ ಅದು ಅರ್ಧ ಪೇಜೇ ಇರತ್ತೆ. ಸಲಹೆಗಳನ್ನ ಜಾರಿ ಮಾಡೋದು ಯಾರು, ಖರ್ಚು ಯಾವ ಲೆಕ್ಕದಿಂದ, ಎಷ್ಟು ವರ್ಷ ಅಳೀತಾರೆ, ಅಂದಾಜು ತಪ್ಪಾಯ್ತು ಅಂತ ಗೊತ್ತಾದ್ರೆ ಏನ್ ಮಾಡ್ತಾರೆ ಅಂತ ಅಲ್ಲಿರ್ಬೇಕು. ‘ಸಂಬಂಧಪಟ್ಟ ಇಲಾಖೆ ಸೂಕ್ತ ಕ್ರಮ ಕೈಗೊಳ್ಳುವುದು’ ಅಂತ ಇದ್ರೆ, ಯಾವ ಇಲಾಖೆ, ಯಾವ ತಾರೀಕಿನೊಳಗೆ ಅಂತ ಸಭೆಯಲ್ಲಿ ಎದ್ದು ನಿಂತು ಕೇಳಿ, ಉತ್ತರನ ಮಿನಿಟ್ಸ್‌ನಲ್ಲಿ ಬರೆಸಿ.